ಬೆಂಕಿ ಹಾಕೋರು ಯಾರು?

(ಪ್ರಸಾರ: ಸೆಪ್ಟೆಂಬರ್ 2021)



ಇವತ್ತು ರಾಜಕೀಯ ಇಲ್ಲ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರ ಮುಖ ಯಾಕೆ ಸಪ್ಪಗಿದೆ ಅನ್ನೋದನ್ನೆಲ್ಲ ನಾಳೆ ಮಾತಾಡೋಣ. ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕಳೆದ ಸೋಮವಾರ, ಸೆಪ್ಟೆಂಬರ್ 6ನೇ ತಾರೀಖು, ನಮ್ಮ ಸಂಜೆಯ ಸುದ್ದಿಯಲ್ಲಿ ನಲವತ್ತು ಸೆಕೆಂಡಿನ ಒಂದು ಐಟಂ ಹೋಯ್ತು. ‘ಪ್ರವಾಸಿಗರಿಗೆ ಸಿಹಿಸುದ್ದಿ, ನೀಲಗಿರಿಯ ಉಗಿ ರೈಲು ಮತ್ತೆ ಶುರು’ ಅಂತ. ಓದಿದ್ದು ನಾನೇ. ಹಿಂದೆ ಒಳ್ಳೆ ಸಂಗೀತ, ಪರದೆ ಮೇಲೆ ಹಸಿರು ಗುಡ್ಡ, ನೀಲಿ ಬಣ್ಣದ ಪುಟ್ಟ ರೈಲು. ಮುಂದಿನ ಸುದ್ದಿ ಪೆಟ್ರೋಲ್ ದರ. ಅಲ್ಲಿಗೆ ನಾನು ರೈಲನ್ನು ಮರೆತೆ.

ಬುಲೆಟಿನ್ ಮುಗಿದು ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ಫೋನಿನಲ್ಲಿ ಮೂರು ಮಿಸ್ಡ್ ಕಾಲ್. ಮೂರೂ ನಮ್ಮ ಸೋದರಮಾವನದ್ದು. ವಿಜಯನಗರದಲ್ಲಿ ಮಾರುತಿ ಮಂದಿರದ ಹತ್ತಿರ ಅವರ ಮನೆ. ವಯಸ್ಸು 78. ಮೇ ತಿಂಗಳಲ್ಲಿ ಕೊರೊನಾ ಬಂದು ಒಂಬತ್ತು ದಿನ ಆಕ್ಸಿಜನ್ ಮೇಲೆ ಇದ್ದು ಬಂದವರು. ಈ ಹೊತ್ತಿನಲ್ಲಿ ಮೂರು ಸಲ ಫೋನ್ ಅಂದರೆ ನನ್ನ ಎದೆ ಹೊಡೆದುಕೊಳ್ಳದೆ ಇರುತ್ತಾ? ತಿರುಗಿ ಮಾಡಿದೆ.

‘ಏನ್ ಮಾವ, ಹುಷಾರಾಗಿದೀರಾ?’

‘ನಾನು ಹುಷಾರಾಗೇ ಇದೀನಿ ಕಣೋ. ನೀವು ಹುಷಾರಿಲ್ಲ. ಬಾಯಲ್ಲಿ ಸ್ಟೀಮು ಅಂತೀರಿ, ತೋರಿಸ್ತಿರೋದು ಡೀಸೆಲ್ಲು! ಲಕ್ಷಾಂತರ ಜನ ನೋಡೋ ಟೀವಿ ಅಂತೀರಲ್ಲಪ್ಪ, ಎಂಜಿನ್ ಯಾವುದು ಅಂತ ಹೇಳೋಕೆ ಅಲ್ಲಿ ಒಬ್ಬನೂ ಇಲ್ವಾ?’

ವಾಪಸ್ ಹೋಗಿ ದೃಶ್ಯ ನೋಡಿದೆ. ಮಾವ ಹೇಳಿದ್ದು ನಿಜ. ನಾವು ತೋರಿಸಿದ್ದು ಊಟಿಯಿಂದ ಕೂನೂರಿಗೆ ಇಳಿಯುವ ರೈಲು. ಅದನ್ನು ಎಳೆಯೋದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಇರೋದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ. ತಪ್ಪಾಯ್ತು, ವೀಕ್ಷಕರೇ. ಕ್ಷಮೆ ಇರಲಿ.

ಆದರೆ ಈ ತಪ್ಪು ನಾವು ಮಾತ್ರ ಮಾಡಿದ್ದಲ್ಲ. ಬೆಂಗಳೂರಿನವರು ಊಟಿಗೆ ಹೋಗೋದು ಮೈಸೂರು ರಸ್ತೆ ಹಿಡಿದು, ಗುಂಡ್ಲುಪೇಟೆ, ಬಂಡೀಪುರ ದಾಟಿಕೊಂಡು. ಊಟಿಯಲ್ಲಿ ಗಾಡಿ ನಿಲ್ಲಿಸಿ, ಮಕ್ಕಳನ್ನು ಕರಕೊಂಡು ಕೂನೂರಿಗೋ ಅರ್ಧ ದಾರಿಗೋ ರೈಲು ಹತ್ತಿ, ನಾಲ್ಕು ಸೆಲ್ಫಿ ತಗೊಂಡು, ಉಗಿ ರೈಲಿನಲ್ಲಿ ಹೋಗಿ ಬಂದೆವು ಅಂತ ಊರೆಲ್ಲ ಹೇಳ್ತೀವಿ. ನಾನೂ ಹೇಳಿದ್ದೀನಿ. ನಮ್ಮ ತಲೆಯಲ್ಲಿ ಆ ರೈಲು ಅಂದರೆ ಶಂಕರ್ ನಾಗ್ ಅವರ ‘ಗೀತಾ’ ಸಿನಿಮಾದ ರೈಲಿನ ಹಾಡು. ಇನ್ನು ಸ್ವಲ್ಪ ಚಿಕ್ಕವರಿಗೆ ‘ದಿಲ್ ಸೇ’ ಸಿನಿಮಾದಲ್ಲಿ ಬೋಗಿ ಮೇಲೆ ಹತ್ತಿ ಕುಣಿದ ಶಾರುಖ್ ಖಾನ್. ಎಂಜಿನ್ ಯಾವುದು ಅಂತ ಕೇಳೋರು ಯಾರು?

ಕೇಳೋರು ಮಾವನಂಥವರು. ಅವರು 1963ರಲ್ಲಿ ರೈಲ್ವೆಗೆ ಕ್ಲೀನರ್ ಆಗಿ ಸೇರಿ, ಫೈರ್‌ಮನ್ ಆಗಿ, ಡ್ರೈವರ್ ಆದವರು. ಬೆಂಗಳೂರು-ಮೈಸೂರು ಮಧ್ಯೆ ಮೀಟರ್ ಗೇಜ್ ಹಳಿ ಇದ್ದ ಕಾಲದಲ್ಲಿ ಅವರು ಕಲ್ಲಿದ್ದಲು ಎತ್ತಿ ಹಾಕಿದ್ದಕ್ಕೆ ಲೆಕ್ಕ ಇಲ್ಲ. ಬೈಸಿಕೊಂಡ ಮೇಲೆ ಮರುದಿನ ಅವರ ಮನೆಗೆ ಹೋದೆ. ಅತ್ತೆ ಕಾಫಿ ಕೊಟ್ಟರು. ಮಾವ ಎರಡು ಗಂಟೆ ಪಾಠ ಮಾಡಿದರು. ಇವತ್ತು ನಾನು ನಿಮಗೆ ಹೇಳೋದರಲ್ಲಿ ಅರ್ಧ ಆ ಪಾಠವೇ.

ಮೊದಲು ಆ ರೈಲಿನ ವಿಷಯ. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್. ನೆಲಮಟ್ಟ ಸಮುದ್ರದಿಂದ 326 ಮೀಟರ್ ಇರೋ ಕಡೆಯಿಂದ 2203 ಮೀಟರ್‌ಗೆ ಹತ್ತಬೇಕು. 16 ಸುರಂಗ, ಸಣ್ಣದು ದೊಡ್ಡದು ಸೇರಿ 250 ಸೇತುವೆ, 208 ತಿರುವು. ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಹೊರಟರೆ ಊಟಿ ಸೇರುವಾಗ ಮಧ್ಯಾಹ್ನ. 1854ರಲ್ಲೇ ಈ ದಾರಿಯ ಮಾತು ಎದ್ದಿತ್ತು. ಕೆಲಸ ಶುರುವಾಗಿದ್ದು 1891ರಲ್ಲಿ. ಕೂನೂರಿಗೆ ರೈಲು ಬಂದಿದ್ದು 1899ರ ಜೂನ್‌ನಲ್ಲಿ, ಊಟಿಗೆ ಬಂದಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿನ ಏರು ಸಾಮಾನ್ಯ ಏರಲ್ಲ. ಕೆಲವು ಕಡೆ ಹನ್ನೆರಡೂವರೆ ಮೀಟರ್ ಮುಂದಕ್ಕೆ ಹೋದರೆ ಒಂದು ಮೀಟರ್ ಮೇಲಕ್ಕೆ ಹೋಗಿರುತ್ತೆ. ಬರೀ ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಅಲ್ಲಿ ಜಾರುತ್ತೆ. ಅದಕ್ಕೇ ಎರಡು ಹಳಿಗಳ ಮಧ್ಯೆ ಹಲ್ಲು ಇರೋ ಎರಡು ಕಬ್ಬಿಣದ ಪಟ್ಟಿಗಳನ್ನು ಜೋಡಿಯಾಗಿ ಹಾಕಿದ್ದಾರೆ. ಒಂದರ ಹಲ್ಲು ಇರೋ ಕಡೆ ಇನ್ನೊಂದರ ಸಂದು ಬರೋ ಹಾಗೆ. ಎಂಜಿನ್ನಿನ ಅಡಿಯಲ್ಲಿರೋ ಹಲ್ಲಿನ ಚಕ್ರ ಅದನ್ನು ಕಚ್ಚಿ ಹಿಡಿದು ಮೇಲೇರುತ್ತೆ. ಆಬ್ಟ್ ಅನ್ನೋ ಸ್ವಿಸ್ ಎಂಜಿನಿಯರ್ ಕಂಡುಹಿಡಿದ ವಿಧಾನ ಇದು. ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಮಾಮೂಲಿ ಚಕ್ರಕ್ಕೆ, ಇನ್ನೆರಡು ಹಲ್ಲಿನ ಚಕ್ರಕ್ಕೆ. ಮೊದಲ ಜೋಡಿಯಲ್ಲಿ ಕೆಲಸ ಮಾಡಿದ ಉಗಿಯೇ ಏರಿನಲ್ಲಿ ಎರಡನೇ ಜೋಡಿಗೂ ಹೋಗಿ ಕೆಲಸ ಮಾಡುತ್ತೆ.

‘ಉಳಿತಾಯ ಅಂದ್ರೆ ಅದು,’ ಅಂದರು ಮಾವ. ‘ನಿಮ್ಮತ್ತೆ ಹಾಗೆ. ಅನ್ನ ಬಸಿದ ಗಂಜೀನೂ ಬಿಡಲ್ಲ.’

ಇನ್ನೊಂದು ವಿಷಯ ಕೇಳಿ. ಆ ಏರಿನಲ್ಲಿ ಎಂಜಿನ್ ಮುಂದೆ ನಿಂತು ಎಳೆಯಲ್ಲ, ಹಿಂದೆ ನಿಂತು ತಳ್ಳುತ್ತೆ. ಅಕಸ್ಮಾತ್ ಕೊಂಡಿ ಕಳಚಿದರೆ ಬೋಗಿಗಳು ಹಿಂದಕ್ಕೆ ಉರುಳಿಹೋಗಬಾರದು ನೋಡಿ. ಹಾಗಾಗಿ ಡ್ರೈವರ್‌ಗೆ ಮುಂದಿನ ದಾರಿ ಕಾಣಲ್ಲ. ಎಲ್ಲಕ್ಕಿಂತ ಮುಂದಿನ ಬೋಗಿಯ ತುದಿಯಲ್ಲಿ ಒಬ್ಬ ಬಾವುಟ ಹಿಡಿದು ನಿಂತಿರುತ್ತಾನೆ. ಹಳಿ ಮೇಲೆ ಬಂಡೆ ಬಿದ್ದಿದೆಯಾ, ಕಲ್ಲಾರ್ ಕಾಡಿನಿಂದ ಆನೆ ಬಂದು ನಿಂತಿದೆಯಾ, ನೋಡೋನು ಅವನು. ಒಂದೊಂದು ಬೋಗಿಗೂ ಒಬ್ಬೊಬ್ಬ ಬ್ರೇಕ್ಸ್‌ಮನ್. ಎಂಜಿನ್ನಿನ ಸಿಳ್ಳೆ ಕೇಳಿ, ಅದರ ಲೆಕ್ಕದ ಮೇಲೆ ಕೈಯಲ್ಲೇ ಬ್ರೇಕ್ ಹಾಕೋದು, ಬಿಡೋದು. ಒಬ್ಬರನ್ನೊಬ್ಬರು ನೋಡದೆ, ಬರೀ ಸದ್ದು ಮತ್ತು ಬಾವುಟದ ಮೇಲೆ ನಂಬಿಕೆ ಇಟ್ಟು, ಇಷ್ಟು ಜನ ಸೇರಿ ಒಂದು ರೈಲನ್ನು ಬೆಟ್ಟ ಹತ್ತಿಸ್ತಾರೆ.

ಇಂಥ ರೈಲು 2020ರ ಮಾರ್ಚ್‌ನಲ್ಲಿ ನಿಂತುಹೋಯ್ತು. ಅದೊಂದೇ ಅಲ್ಲ ಬಿಡಿ. ಜನತಾ ಕರ್ಫ್ಯೂ ದಿನ, ಮಾರ್ಚ್ 22ಕ್ಕೆ, ದೇಶದ ಪ್ರಯಾಣಿಕರ ರೈಲೆಲ್ಲ ನಿಂತವು. ನಮ್ಮ ವಿಜಯನಗರದ ತಲೆ ಮೇಲೆ ಓಡಾಡೋ ಮೆಟ್ರೊ ನಿಂತಿತು. ಆ ದಿನಗಳನ್ನು ನೆನಪು ಮಾಡಿಕೊಳ್ಳಿ. ಕೃಷ್ಣದೇವರಾಯ ಹಾಲ್ಟ್ ಕಡೆಯಿಂದ ರಾತ್ರಿ ಕೇಳ್ತಿದ್ದ ಮೈಸೂರು ರೈಲಿನ ಹಾರನ್ ನಿಂತಾಗ ಮಾವನಿಗೆ ನಿದ್ದೆ ಬರ್ತಿರಲಿಲ್ಲವಂತೆ. ಸದ್ದಿಗೆ ನಿದ್ದೆ ಕೆಡೋರನ್ನು ನೋಡಿದ್ದೀವಿ, ಸದ್ದಿಲ್ಲದ್ದಕ್ಕೆ ನಿದ್ದೆ ಕೆಟ್ಟವರು ಇವರು.

ಮೆಟ್ರೊ ಆ ವರ್ಷ ಸೆಪ್ಟೆಂಬರ್ 7ಕ್ಕೆ ಮತ್ತೆ ಶುರುವಾಯ್ತು. ನೀಲಗಿರಿ ರೈಲು ಶುರುವಾಗಿದ್ದು ವರ್ಷದ ಕೊನೇ ದಿನ, ಡಿಸೆಂಬರ್ 31ಕ್ಕೆ. ನಾಲ್ಕು ತಿಂಗಳು ಓಡಿತೋ ಇಲ್ಲವೋ, ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ಮತ್ತೆ ನಿಂತಿತು. 2021ರ ಸೆಪ್ಟೆಂಬರ್ 6ಕ್ಕೆ ಎರಡನೇ ಸಲ ಹೊರಟಿತು.

ನಾವು ‘ಮತ್ತೆ ಶುರು’ ಅಂತ ಎರಡು ಪದದಲ್ಲಿ ಮುಗಿಸಿಬಿಟ್ಟೆವು. ಮಾವ ಕೇಳಿದ್ದು ಇದನ್ನೇ. ‘ಶುರು ಅಂದ್ರೆ ಏನಂತ ತಿಳ್ಕೊಂಡಿದೀಯ? ನಿನ್ನ ಸ್ಕೂಟರ್ ಥರ ಕೀ ತಿರುಗಿಸೋದಾ?’

ಉಗಿ ಎಂಜಿನ್ನಿಗೆ ಕೀ ಇಲ್ಲ. ತಣ್ಣಗಿರೋ ಬಾಯ್ಲರ್‌ಗೆ ಬೆಂಕಿ ಹಾಕಿ ಉಗಿ ಏಳಿಸೋದಕ್ಕೆ ಗಂಟೆಗಟ್ಟಲೆ ಬೇಕು. ಮೊದಲು ಸೌದೆ, ಎಣ್ಣೆ ಹಾಕಿದ ಕಾಟನ್ ವೇಸ್ಟ್, ಆಮೇಲೆ ಸ್ವಲ್ಪ ಸ್ವಲ್ಪವೇ ಕಲ್ಲಿದ್ದಲು. ಅವಸರ ಮಾಡಿದರೆ ಒಂದು ಕಡೆ ಬೇಗ ಕಾದು, ಇನ್ನೊಂದು ಕಡೆ ತಣ್ಣಗಿದ್ದು, ಕಬ್ಬಿಣ ಹಿಗ್ಗೋದರಲ್ಲಿ ಹೆಚ್ಚುಕಮ್ಮಿ ಆಗಿ, ಒಳಗಿನ ಟ್ಯೂಬುಗಳು ಸೋರೋಕೆ ಶುರುವಾಗುತ್ತೆ. ನೀರಿನ ಮಟ್ಟವನ್ನು ಗಾಜಿನ ನಳಿಗೆಯಲ್ಲಿ ನೋಡ್ತಾನೇ ಇರಬೇಕು. ನೀರು ಕಮ್ಮಿಯಾಗಿ ಬೆಂಕಿ ಪೆಟ್ಟಿಗೆಯ ಮೇಲಿನ ತಗಡು ಬರಿದಾದರೆ ಬಾಯ್ಲರ್ ಸಿಡಿಯೋ ಅಪಾಯ. ಅದಕ್ಕೆ ಕೊನೆಯ ರಕ್ಷಣೆ ಅಂತ ಅಲ್ಲೊಂದು ಸೀಸದ ಬಿರಡೆ ಇರುತ್ತೆ. ನೀರು ಇಳಿದರೆ ಅದು ಕರಗಿ, ಉಗಿ ನುಗ್ಗಿ ಎಚ್ಚರಿಕೆ ಕೊಟ್ಟು, ಬೆಂಕಿಯನ್ನು ತಗ್ಗಿಸುತ್ತೆ. ತನ್ನ ಕೈಯಲ್ಲಿ ಆ ಬಿರಡೆ ಕರಗಿತು ಅನ್ನಿಸಿಕೊಳ್ಳೋದು ಫೈರ್‌ಮನ್‌ಗೆ ದೊಡ್ಡ ಅವಮಾನವಂತೆ.

ಇನ್ನು ಎಂಜಿನ್ ತಿಂಗಳುಗಟ್ಟಲೆ ನಿಂತಿದ್ದರೆ? ಬಾಯ್ಲರ್ ಒಳಗೆ ಅರೆಬರೆ ನೀರು ಉಳಿದರೆ ತುಕ್ಕು. ಒಂದೋ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು, ಇಲ್ಲಾ ಕುತ್ತಿಗೆವರೆಗೆ ತುಂಬಿಸಿ ಇಡಬೇಕು. ಮತ್ತೆ ಹೊರಡಿಸೋ ಮುಂಚೆ ಒಳಗೆ ತೊಳೆದು, ನೀರಿನ ಒತ್ತಡ ಕೊಟ್ಟು ಪರೀಕ್ಷೆ ಮಾಡಿ, ಸೇಫ್ಟಿ ವಾಲ್ವ್ ನೋಡಿ, ಕೀಲು ಕೀಲಿಗೂ ಎಣ್ಣೆ ಬಿಡಬೇಕು. ನೀಲಗಿರಿಯಲ್ಲಿ ಕೆಲವು ಎಂಜಿನ್‌ಗಳಿಗೆ ಈಗ ಕಲ್ಲಿದ್ದಲಿನ ಬದಲು ಎಣ್ಣೆ ಉರಿಸ್ತಾರೆ. ‘ಎಣ್ಣೆ ಆದ್ರೇನು, ಬಾಯ್ಲರ್ ಬಾಯ್ಲರೇ,’ ಅಂತಾರೆ ಮಾವ. ಅತ್ತ ದಾರಿಯಲ್ಲಿ ಹಲ್ಲಿನ ಪಟ್ಟಿಗೆ ಕಸ ಕಲ್ಲು ಸಿಕ್ಕಿರಬಾರದು. ಬೇಲಿ ಬಳ್ಳಿ ಕಡಿಯಬೇಕು. ಗುಡ್ಡದಿಂದ ಜರಿದ ಮಣ್ಣು ತೆಗೀಬೇಕು. ಇಷ್ಟೂ ಕೆಲಸ ಆದಮೇಲೆ ನಮ್ಮ ನಲವತ್ತು ಸೆಕೆಂಡ್.

ಇಲ್ಲಿ ನನಗೊಂದು ಹಳೆ ಕಥೆ ನೆನಪಾಗುತ್ತೆ. ಈ ರೈಲು ಕೂನೂರಿಗೆ ಬಂದಿದ್ದು 1899ರ ಜೂನ್‌ನಲ್ಲಿ ಅಂದೆನಲ್ಲ. ಅದಕ್ಕೆ ಹತ್ತು ತಿಂಗಳ ಹಿಂದೆ, 1898ರ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿಗೆ ಪ್ಲೇಗು ಬಂದಿತ್ತು. ಬಂದಿದ್ದೂ ರೈಲಿನಲ್ಲೇ, ಹುಬ್ಬಳ್ಳಿ ಕಡೆಯಿಂದ. ನಿಲ್ದಾಣದಲ್ಲಿ ಪ್ರಯಾಣಿಕರನ್ನು ನಿಲ್ಲಿಸಿ ಮೈ ಮುಟ್ಟಿ ಪರೀಕ್ಷೆ ಮಾಡ್ತಿದ್ದರು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದಿದ್ದು ಆ ಹೊಡೆತದಿಂದಲೇ. ಅಂಥ ಕಾಲದಲ್ಲೂ ಅಲ್ಲಿ ಬೆಟ್ಟದಲ್ಲಿ ಜನ ಬಂಡೆ ಒಡೆದು ಹಳಿ ಹಾಕ್ತಾ ಇದ್ದರು. ಸಾಂಕ್ರಾಮಿಕ ಆ ರೈಲಿಗೆ ಹೊಸದಲ್ಲ. ಅದು ಹುಟ್ಟಿದ್ದೇ ಪ್ಲೇಗಿನ ಕಾಲದಲ್ಲಿ.

ಈಗ ಸ್ವಲ್ಪ ಕಹಿ ಮಾತು.

2020ರ ಡಿಸೆಂಬರ್‌ನಲ್ಲಿ ಏನಾಯ್ತು ಗೊತ್ತಾ? ಸಾಮಾನ್ಯ ಜನರಿಗೆ ರೈಲು ಶುರುವಾಗೋ ಮುಂಚೆಯೇ ಆ ಬೆಟ್ಟದಲ್ಲಿ ಒಂದು ರೈಲು ಓಡಿತು. ಒಂದು ಖಾಸಗಿ ಸಂಸ್ಥೆ ಇಡೀ ರೈಲನ್ನು ಬಾಡಿಗೆಗೆ ಹಿಡಿದಿತ್ತು. ಟಿಕೆಟ್ ತಲೆಗೆ 3000 ರೂಪಾಯಿ. ವಿಮಾನದ ಥರ ಉಪಚಾರ ಮಾಡೋಕೆ ಹೆಣ್ಣುಮಕ್ಕಳು. ಮಾಮೂಲಿ ದರದ ಹಲವು ಪಟ್ಟು. ತಮಿಳುನಾಡಿನಲ್ಲಿ ಗಲಾಟೆ ಎದ್ದಿತು, ‘ನಮ್ಮ ರೈಲನ್ನು ಮಾರಿಬಿಟ್ಟಿರಾ’ ಅಂತ. ರೈಲ್ವೆಯವರು ಸ್ಪಷ್ಟನೆ ಕೊಟ್ಟರು. ಇದು ಖಾಸಗೀಕರಣ ಅಲ್ಲ, ಮದುವೆ ದಿಬ್ಬಣಕ್ಕೆ ಬಸ್ ಬಾಡಿಗೆ ಕೊಡೋ ಹಾಗೆ ಇದು ಚಾರ್ಟರ್, ಮಾಮೂಲಿ ರೈಲು ಮಾಮೂಲಿ ದರದಲ್ಲೇ ಬರುತ್ತೆ ಅನ್ನೋ ಅರ್ಥದಲ್ಲಿ. ಬಂತು ಕೂಡ. ಆ ಮಾತು ಉಳಿಸಿಕೊಂಡರು, ಅದನ್ನು ಹೇಳಲೇಬೇಕು.

ಆದರೂ ನನ್ನ ಪ್ರಶ್ನೆ ಉಳಿಯುತ್ತೆ ಸ್ವಾಮಿ. ಮುಚ್ಚಿದ್ದು ಎಲ್ಲರಿಗೂ ಒಟ್ಟಿಗೆ ಮುಚ್ಚಿತಲ್ಲ, ತೆರೆಯುವಾಗ ಮೊದಲು ತೆರೆದಿದ್ದು ಯಾರಿಗೆ? ಮೂರು ಸಾವಿರ ಕೊಡೋರಿಗೆ.

ಇದು ಊಟಿಯ ಮಾತು, ನಮಗೇನು ಅನ್ನಬೇಡಿ. ಕೆಂಗೇರಿ ಸ್ಟೇಷನ್‌ಗೆ ಬೆಳಗ್ಗೆ ಹೋಗಿ ನಿಂತ್ಕೊಳ್ಳಿ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದಿಂದ ಕೂಲಿಗೆ, ಗಾರ್ಮೆಂಟ್ಸಿಗೆ ಬರೋ ಜನರನ್ನು ಕೇಳಿ. ಪ್ಯಾಸೆಂಜರ್ ರೈಲು ಅನ್ನೋದು 2021ರಲ್ಲಿ ‘ಸ್ಪೆಷಲ್’ ಆಗಿತ್ತು. ಹಳಿ ಅದೇ, ಬೋಗಿ ಅದೇ, ಸೀಟೂ ಅದೇ. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಆಗ ಮೂವತ್ತಾಗಿತ್ತು. ಸ್ಪೆಷಲ್ ಆಗಿದ್ದು ದರ ಮಾತ್ರ. ಹಿರಿಯ ನಾಗರಿಕರಿಗೆ ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದು 2021ರಲ್ಲೂ ವಾಪಸ್ ಬರಲಿಲ್ಲ. ವಯಸ್ಸಾದವರು ಓಡಾಡಬಾರದು ಅನ್ನೋದು ಆಗಿನ ಕಾರಣ. 2021ರಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡು ಓಡಾಡಿ ಅಂತ ನೀವೇ ಹೇಳಿದಿರಲ್ಲ. ಹಾಗಾದರೆ ರಿಯಾಯಿತಿ ಎಲ್ಲಿ? ಪುನರಾರಂಭ ಅಂದರೆ ಮೊದಲು ಏನಿತ್ತೋ ಅದು ವಾಪಸ್ ಬರಬೇಕು. ಅರ್ಧ ಬಂದರೆ ಅದನ್ನು ಪುನರಾರಂಭ ಅಂತ ಹೇಗೆ ಕರೆಯೋದು?

ಈಗ ನಮ್ಮ ಕರ್ನಾಟಕಕ್ಕೆ ಬರ್ತೀನಿ. ನೀಲಗಿರಿ ನಮಗೆ ಹೊರಗಿನದ್ದೂ ಅಲ್ಲ. ಅಲ್ಲಿನ ಬಡಗರು ಅಂದರೆ ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು ಅಂತ ಪ್ರತೀತಿ. ಅವರ ಮಾತು ಕಿವಿಗೊಟ್ಟು ಕೇಳಿದರೆ ನಮ್ಮದೇ ನುಡಿಯ ಸಂಬಂಧಿ ಅಂತ ಗೊತ್ತಾಗುತ್ತೆ. ಆ ರೈಲಿನ ದಾರಿಯಲ್ಲಿ ಫರ್ನ್‌ಹಿಲ್ ಅಂತ ಒಂದು ನಿಲ್ದಾಣ ಇದೆ. ಫರ್ನ್‌ಹಿಲ್ ಅರಮನೆ ನಮ್ಮ ಮೈಸೂರು ಒಡೆಯರದ್ದು. ಬೇಸಿಗೆಗೆ ಅವರು ಹೋಗ್ತಿದ್ದ ಜಾಗ ಅದು.

ನಮ್ಮಲ್ಲೂ ಉಗಿ ರೈಲಿನ ದೊಡ್ಡ ಚರಿತ್ರೆ ಇತ್ತು. 1876-78ರ ಭೀಕರ ಬರಗಾಲದ ಹೊತ್ತಿನಲ್ಲಿ ಮೈಸೂರು ಸಂಸ್ಥಾನ ತಾನೇ ಹಳಿ ಹಾಕಿಸೋಕೆ ಹೊರಟಿತು. ಹಸಿದ ಜನರಿಗೆ ಕೂಲಿ ಆಯ್ತು, ಊರಿಗೆ ರೈಲೂ ಆಯ್ತು. 1882ರ ಹೊತ್ತಿಗೆ ಬೆಂಗಳೂರಿನ ರೈಲು ಮೈಸೂರು ಮುಟ್ಟಿತು. ನಾಯಂಡಹಳ್ಳಿ, ಕೆಂಗೇರಿ ಮೇಲೆ ಹೋಗೋ ಈ ಹಳಿ, ನಾವು ದಿನಾ ಗೇಟು, ಸೇತುವೆ, ಟ್ರಾಫಿಕ್ಕು ಅಂತ ಬೈಕೊಳ್ಳೋ ಈ ಹಳಿ, ಬರದಲ್ಲಿ ಬದುಕಿದವರ ಕೈಕೆಲಸ. ನಂತರ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಉಗಿ ಹೋಗಿ ಡೀಸೆಲ್, ಈಗ ಕರೆಂಟು. ಹೋಗಲೇಬೇಕಿತ್ತು, ಅದಕ್ಕೆ ದುಃಖ ಬೇಡ. ಮೈಸೂರಿಗೆ ಬೇಗ ಹೋಗಬೇಕು ಅಂದವರು ನಾವೇ.

ಹೋಗುವಾಗ ಏನು ಉಳಿಸಿಕೊಂಡೆವು? ಮೈಸೂರಿನಲ್ಲಿ 1979ರಲ್ಲೇ ರೈಲ್ವೆ ವಸ್ತುಸಂಗ್ರಹಾಲಯ ಆಯ್ತು. ಮಹಾರಾಣಿಯವರ ಸಲೂನ್ ಬೋಗಿ, ಹಳೆ ಎಂಜಿನ್‌ಗಳು ಅಲ್ಲಿವೆ. ಹುಬ್ಬಳ್ಳಿಯಲ್ಲಿ 2020ರ ಆಗಸ್ಟ್‌ನಲ್ಲಿ, ಕೊರೊನಾದ ಮಧ್ಯದಲ್ಲೇ, ಇನ್ನೊಂದು ರೈಲ್ವೆ ಮ್ಯೂಸಿಯಂ ಉದ್ಘಾಟನೆ ಆಯ್ತು. ಮಂತ್ರಿಗಳು ದೆಹಲಿಯಿಂದ ಪರದೆಯಲ್ಲೇ ಉದ್ಘಾಟಿಸಿದರು. ಎರಡೂ ಒಳ್ಳೆ ಕೆಲಸ. ಮಕ್ಕಳನ್ನು ಕರಕೊಂಡು ಹೋಗಿ ತೋರಿಸಿ. ಆದರೆ ಅಲ್ಲಿ ನಿಂತಿರೋ ಉಗಿ ಎಂಜಿನ್‌ಗಳು ಬಣ್ಣ ಬಳಿದುಕೊಂಡು ತಣ್ಣಗೆ ನಿಂತಿವೆ. ಅವಕ್ಕೆ ಬೆಂಕಿ ಬೀಳಲ್ಲ.

ಕೆಲವು ವರ್ಷದ ಹಿಂದೆ ಮಾವನನ್ನು ಮೈಸೂರಿನ ಆ ಮ್ಯೂಸಿಯಂಗೆ ಕರಕೊಂಡು ಹೋಗಿದ್ದೆ. ಖುಷಿಪಡ್ತಾರೆ ಅಂದುಕೊಂಡಿದ್ದೆ. ಒಂದು ಎಂಜಿನ್ ಹತ್ತಿರ ಹೋಗಿ ಬೆಂಕಿ ಪೆಟ್ಟಿಗೆಯ ಬಾಗಿಲ ಮೇಲೆ ಕೈ ಇಟ್ಟರು. ತಕ್ಷಣ ಕೈ ಹಿಂದಕ್ಕೆ ಎಳಕೊಂಡರು. ಸುಟ್ಟಿತೇನೋ ಅನ್ನೋ ಹಾಗೆ. ಅಭ್ಯಾಸ! ಆಮೇಲೆ ನಕ್ಕರು. ‘ತಣ್ಣಗಿದೆ ಕಣೋ’ ಅಂದರು. ವಾಪಸ್ ಬರುವಾಗ ಬಿಡದಿವರೆಗೆ ಮಾತೇ ಆಡಲಿಲ್ಲ.

ಇಷ್ಟು ಕೇಳಿ, ಹಳೇ ಕಾಲ ಎಷ್ಟು ಚೆನ್ನಾಗಿತ್ತು ಅಂತ ಕಣ್ಣೀರು ಹಾಕೋಕೆ ಹೊರಟರೆ ಮಾವ ನನ್ನನ್ನೂ ಬಿಡಲ್ಲ, ನಿಮ್ಮನ್ನೂ ಬಿಡಲ್ಲ. ಮೊನ್ನೆ ನಾನು ‘ಉಗಿ ಎಂಜಿನ್ನಿನ ಸೊಗಸೇ ಬೇರೆ’ ಅಂತ ಏನೋ ಅಂದೆ. ತೋಳು ಮಡಚಿ ಮುಂಗೈ ತೋರಿಸಿದರು. ಸುಟ್ಟ ಕಲೆಗಳು, ಐವತ್ತು ವರ್ಷ ಹಳೆಯವು. ‘ಸೊಗಸು ನಿಮಗೆ. ಬೆಂದಿದ್ದು ನಾವು. ಮುಂದೆ ಬೆಂಕಿ, ಹಿಂದೆ ಚಳಿಗಾಳಿ. ಮನೆಗೆ ಬಂದ್ರೆ ನಿಮ್ಮತ್ತೆ ಗುರುತು ಹಿಡಿಯೋಕೆ ಎರಡು ಸಲ ನೋಡೋಳು,’ ಅಂದರು. ಮೇ ತಿಂಗಳಲ್ಲಿ ಅವರ ಸ್ಕ್ಯಾನ್ ನೋಡಿದ ಡಾಕ್ಟರ್, ‘ಅಜ್ಜ, ಸಿಗರೇಟು ಸೇದ್ತಿದ್ರಾ?’ ಅಂತ ಕೇಳಿದರಂತೆ. ಮಾಸ್ಕಿನ ಒಳಗಿಂದಲೇ ಮಾವ ಹೇಳಿದ್ದು: ‘ನಾನು ಸೇದ್ತಿರಲಿಲ್ಲ ಡಾಕ್ಟ್ರೇ, ನಮ್ಮ ಎಂಜಿನ್ ಸೇದ್ತಿತ್ತು.’

ಹಾಗಿದ್ದರೆ ಅದು ಯಾಕೆ ಬೇಕು ಮಾವ, ಹೋಗಲಿ ಬಿಡಿ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ಹಾಗೇ ಹೇಳ್ತೀನಿ. ‘ಬೆಂಕಿ ಹಾಕೋದು ಪುಸ್ತಕದಲ್ಲಿ ಇಲ್ಲ ಕಣೋ. ಎಲ್ಲಿ ತೆಳ್ಳಗೆ ಹಾಕಬೇಕು, ಎಲ್ಲಿ ಗಟ್ಟಿಯಾಗಿ ಹಾಕಬೇಕು, ಹೊಗೆ ಬಣ್ಣ ನೋಡಿ ಏನು ತಿಳೀಬೇಕು, ಅದನ್ನ ನನಗೆ ಹೇಳ್ಕೊಟ್ಟಿದ್ದು ನನ್ನ ಡ್ರೈವರು. ಹಿಂದಿನಿಂದ ತಲೆಗೆ ಮೊಟಕಿ ಮೊಟಕಿ ಹೇಳ್ಕೊಟ್ಟ. ನಾನು ಮೊಟಕೋಕೆ ಯಾರ ತಲೇನೂ ಸಿಗಲಿಲ್ಲ. ಅಷ್ಟರಲ್ಲಿ ಡೀಸೆಲ್ ಬಂತು.’

ವೀಕ್ಷಕರೇ, ನನಗೆ ಈ ಇಡೀ ಸುದ್ದಿ ಅರ್ಥವಾಗಿದ್ದು ಆಗ. ನೀಲಗಿರಿಯಲ್ಲಿ ಒಂದೂವರೆ ವರ್ಷದಲ್ಲಿ ಎರಡು ಸಲ ರೈಲು ನಿಂತು ಎರಡು ಸಲ ಹೊರಟಿತು ಅಂದರೆ, ಅಲ್ಲಿ ಬೆಂಕಿ ಹಾಕೋದು ಗೊತ್ತಿರೋ ಕೈಗಳು ಇನ್ನೂ ಇವೆ ಅಂತ ಅರ್ಥ. ಕೂನೂರಿನ ಶೆಡ್ಡಿನಲ್ಲಿ ಒಬ್ಬರಿಂದ ಒಬ್ಬರು ಕಲೀತಾ ಇದ್ದಾರೆ. ಹಳೆ ಎಂಜಿನ್ ಸವೆದಾಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಅದೇ ಮಾದರಿಯ ಹೊಸ ಉಗಿ ಎಂಜಿನ್‌ಗಳನ್ನೇ ಕಟ್ಟಿಕೊಟ್ಟಿದ್ದಾರೆ. ನಮ್ಮ ಮೈಸೂರು, ಹುಬ್ಬಳ್ಳಿಯ ಎಂಜಿನ್‌ಗಳು ನಿಂತರೆ ನಿಂತವು. ಕೊರೊನಾ ಬಂದರೂ ಒಂದೇ, ಹೋದರೂ ಒಂದೇ. ಅವನ್ನು ಹೊರಡಿಸೋದು ಗೊತ್ತಿರೋರೆಲ್ಲ ಈಗ ಎಪ್ಪತ್ತೈದು, ಎಂಬತ್ತರ ಹತ್ತಿರ ಇದ್ದಾರೆ. ಈ ಎರಡನೇ ಅಲೆ ಕರಕೊಂಡು ಹೋಗಿದ್ದು ಹೆಚ್ಚಾಗಿ ಯಾವ ವಯಸ್ಸಿನವರನ್ನು? ಪ್ರತಿ ರಾತ್ರಿ ಆ ಸಂಖ್ಯೆ ಓದಿದವನು ನಾನು. ಸಂಖ್ಯೆ ಓದಿದೆ. ಅವರ ಜೊತೆ ಯಾವ ಯಾವ ಕೆಲಸ, ಯಾವ ಯಾವ ವಿದ್ಯೆ ಹೋಯ್ತು ಅಂತ ಒಂದು ದಿನವೂ ಓದಲಿಲ್ಲ.

ಏನು ಮಾಡಬಹುದು? ಆಗದ ಮಾತು ನಾನು ಹೇಳ್ತಿಲ್ಲ. ಹರಿಯಾಣದ ರೇವಾರಿಯಲ್ಲಿ ನಮ್ಮದೇ ರೈಲ್ವೆ ಒಂದು ಉಗಿ ಶೆಡ್ ಇಟ್ಟುಕೊಂಡು ಹಳೆ ಎಂಜಿನ್‌ಗಳನ್ನು ಓಡೋ ಸ್ಥಿತಿಯಲ್ಲಿ ಕಾಪಾಡ್ತಾ ಇದೆ. ಬ್ರಿಟನ್‌ನ ವೇಲ್ಸ್‌ನಲ್ಲಿ ಟ್ಯಾಲಿಲಿನ್ ಅಂತ ಒಂದು ಪುಟ್ಟ ರೈಲು ಇದೆ. ಮುಚ್ಚಿಹೋಗೋದರಲ್ಲಿದ್ದ ಅದನ್ನು 1951ರಿಂದ ಸ್ವಯಂಸೇವಕರು ನಡೆಸ್ತಿದ್ದಾರೆ. ಬೇರೆ ಕೆಲಸದಲ್ಲಿರೋರು, ನಿವೃತ್ತರು, ಹುಡುಗರು ಬಂದು ಬೆಂಕಿ ಹಾಕೋದು ಕಲೀತಾರೆ. ಕೊರೊನಾದಲ್ಲಿ ಅದೂ ನಿಂತಿತ್ತು, ಮತ್ತೆ ಹೊರಟಿತು.

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಆವರಣದ ಒಳಗೇ ಅರ್ಧ ಕಿಲೋಮೀಟರ್ ಮೀಟರ್ ಗೇಜ್ ಹಳಿ ಹಾಕಿ. ಒಂದೇ ಒಂದು ಎಂಜಿನ್ನಿನ ಬಾಯ್ಲರ್ ಸರಿ ಮಾಡಿಸಿ. ತಿಂಗಳಿಗೊಂದು ಭಾನುವಾರ ಬೆಂಕಿ ಹಾಕಿ. ಐಟಿಐ ಹುಡುಗರನ್ನು ಕರೆದು ಹಳೆ ಫೈರ್‌ಮನ್‌ಗಳ ಪಕ್ಕದಲ್ಲಿ ನಿಲ್ಲಿಸಿ. ಟಿಕೆಟ್ ಮೂರು ಸಾವಿರ ಬೇಡ, ಸರ್ಕಾರಿ ಶಾಲೆ ಮಕ್ಕಳು ಹತ್ತೋ ಹಾಗಿರಲಿ. ಅದಕ್ಕೆಲ್ಲ ದುಡ್ಡಿಲ್ಲ ಅಂದರೆ ಕನಿಷ್ಠ ಒಂದು ಕೆಲಸ ಮಾಡಿ: ಆ ಹಿರಿಯರನ್ನು ಕೂರಿಸಿ, ಅವರು ಹೇಳೋದನ್ನು ಕ್ಯಾಮೆರಾದಲ್ಲಿ ದಾಖಲಿಸಿ. ಅದಕ್ಕೆ ಕಲ್ಲಿದ್ದಲೂ ಬೇಡ, ಟೆಂಡರೂ ಬೇಡ.

ಇದು ಬರೀ ಸರ್ಕಾರಕ್ಕೆ ಹೇಳೋ ಮಾತಲ್ಲ. ನಿಮ್ಮ ಬೀದಿಯಲ್ಲೂ ಒಬ್ಬರು ಇರ್ತಾರೆ. ಬಿನ್ನಿ ಮಿಲ್ಲಿನ ಮಗ್ಗ ಸದ್ದು ಕೇಳಿಯೇ ಎಲ್ಲಿ ನೂಲು ಕಡಿದಿದೆ ಅಂತ ಹೇಳ್ತಿದ್ದವರು, ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೂದಲೆಳೆ ಲೆಕ್ಕಕ್ಕೆ ಕೆಲಸ ತೆಗೀತಿದ್ದವರು. ಬೆಳಗ್ಗೆ ಪಾರ್ಕಿನಲ್ಲಿ ಮಂಕಿ ಟೋಪಿ ಹಾಕಿಕೊಂಡು ಕೂತಿರ್ತಾರೆ. ಒಂದೂವರೆ ವರ್ಷ ಅವರನ್ನು ಮನೆ ಬಾಗಿಲು ದಾಟಬೇಡಿ ಅಂತ ಕೂರಿಸಿದೆವು, ಅವರ ಜೀವ ಉಳೀಲಿ ಅಂತಲೇ. ಈಗ ಬಾಗಿಲು ತೆಗೆದಿದೆಯಲ್ಲ, ಹೋಗಿ ಮಾತಾಡಿಸಿ. ಏನು ಕೆಲಸ ಮಾಡ್ತಿದ್ರಿ, ಹೇಗೆ ಮಾಡ್ತಿದ್ರಿ ಅಂತ ಕೇಳಿ.

ನಾನು ಕೇಳೋಕೆ ಶುರು ಮಾಡಿದ್ದೀನಿ. ಹೋದ ಭಾನುವಾರ ನಮ್ಮ ಕ್ಯಾಮೆರಾಮನ್ ಒಬ್ಬರನ್ನು ಕರಕೊಂಡು ಹೋಗಿ ಮಾವನ ಎದುರು ಕೂತೆ. ಅವರಿಗೆ ಒಂದೇ ಉಸಿರಿಗೆ ಹೆಚ್ಚು ಹೊತ್ತು ಮಾತಾಡೋಕೆ ಆಗಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿದೆವು. ಅತ್ತೆ 'ಸಾಕು ಮಾಡಿ' ಅಂದರು. ಮಾವ ಮಾಡಲಿಲ್ಲ. ಅಡುಗೆಮನೆಯಿಂದ ಸೌಟು ತರಿಸಿ, ಅದನ್ನೇ ಸಲಿಕೆ ಥರ ಹಿಡಿದು, ಕಲ್ಲಿದ್ದಲು ಬೆಂಕಿ ಪೆಟ್ಟಿಗೆಯ ಮೂಲೆಗೆ ಹೋಗಿ ಬೀಳೋ ಹಾಗೆ ಮಣಿಕಟ್ಟು ಹೇಗೆ ತಿರುಗಿಸಬೇಕು ಅಂತ ತೋರಿಸಿದರು. ನನ್ನ ಕೈಗೂ ಸೌಟು ಕೊಟ್ಟರು. ನಾನು ಮಾಡಿದ್ದು ತಪ್ಪಾಯ್ತು. ಹಿಂದಿನಿಂದ ತಲೆಗೆ ಒಂದು ಮೊಟಕಿದರು.

ಡಾಕ್ಟರ್ ಒಪ್ಪಿದರೆ ಚಳಿಗಾಲ ಕಳೆದ ಮೇಲೆ ಮೆಟ್ಟುಪಾಳ್ಯಂಗೆ ಕರಕೊಂಡು ಹೋಗ್ತೀನಿ. ಈ ಸಲ ಡೀಸೆಲ್ ಕಡೆಯಿಂದಲ್ಲ. ಆಗ ತೆಗೆದ ದೃಶ್ಯ ನಿಮಗೆ ತೋರಿಸ್ತೀನಿ, ಸರಿಯಾದ ಎಂಜಿನ್ನಿನದೇ.